ಅತ್ತೆಯ ದನಿಯಲ್ಲಿ ಕರೆದದ್ದು

ಬೀದಿಯವರೆಲ್ಲ ಅವಳನ್ನು ಆಲ್ಟರ್ ಅಕ್ಕ ಎನ್ನುತ್ತಾರೆ. ಹೊಸ ಬಟ್ಟೆ ಹೊಲಿಯುವ ಗೋಜಿಗೆ ಅವಳು ಹೋಗುವುದಿಲ್ಲ. ಯಾರೋ ಹೊಲಿದು ಯಾರೋ ಕೆಡಿಸಿದ್ದನ್ನು ಸರಿಪಡಿಸುವುದು ಅವಳ ಕಸುಬು. ಮೈ ಬಂದವರಿಗೆ ಬಿಡಿಸಿ ಕೊಡುತ್ತಾಳೆ, ಮೈ ಇಳಿದವರಿಗೆ ಹಿಡಿದು ಕೊಡುತ್ತಾಳೆ. ಕಿತ್ತುಹೋದ ಜಿಪ್ಪು, ಉದ್ದವಾದ ತೋಳು, ತೂತುಬಿದ್ದ ಜೇಬು, ಎಲ್ಲಕ್ಕೂ ಅವಳೇ ಗತಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಕಿಟಕಿ, ಕಿಟಕಿಯ ಕೆಳಗೆ ಮೆಷಿನ್ನು, ಮೆಷಿನ್ನಿನ ಪಕ್ಕದಲ್ಲಿ ಬಟ್ಟೆಯ ಗುಡ್ಡೆ. ಕಿಟಕಿಯ ಸರಳಿಗೆ ಒಂದು ರಟ್ಟು ಕಟ್ಟಿದ್ದಾಳೆ: ‘ಒಗೆಯದ ಬಟ್ಟೆ ಮುಟ್ಟುವುದಿಲ್ಲ.’ ಈ ವಿಷಯದಲ್ಲಿ ಅವಳದು ಉಡದ ಹಿಡಿತ. ಮದುವೆಗೆ ಎರಡೇ ದಿನ ಉಳಿದಿದ್ದ ಹುಡುಗನ ಕೋಟನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ವಾಪಸ್ಸು ಕಳಿಸಿದವಳು.

ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಗೆ ಸೊಸೆಯಾಗಿ ಬಂದಳು. ಬಂದ ಮೂರನೆಯ ದಿನ ಮಧ್ಯಾಹ್ನ ಒಳಕೋಣೆಯಿಂದ ಅತ್ತೆ ಕೇಳಿದರು, “ಆಯ್ತಾ?” ತವರುಮನೆಯಲ್ಲಿ ಆ ಹೊತ್ತಿನಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ತನ್ನ ಊಟ ವಿಚಾರಿಸುತ್ತಿದ್ದಾರೆ ಎಂದು ಹುಡುಗಿಯ ಮುಖ ಅರಳಿತು. “ಇನ್ನೂ ಇಲ್ಲ ಅತ್ತೆ. ನಿಮ್ಮೆಲ್ಲರದ್ದೂ ಆಗ್ಲಿ, ಆಮೇಲೆ ಮಾಡ್ತೀನಿ” ಎಂದಳು. ಒಳಗಿನಿಂದ ಉತ್ತರ ಬಂತು.

“ನಾನು ಕೇಳಿದ್ದು ಅಡಿಗೆ.”

ಅಂದಿನಿಂದ ಆ ಮನೆಯಲ್ಲಿ ‘ಆಯ್ತಾ’ ಎಂದರೆ ಏನೆಂದು ಅವಳಿಗೆ ಗೊತ್ತಾಗಿಹೋಯಿತು. ಅಡಿಗೆ ಆಯ್ತಾ, ನೀರು ಕಾಯಿಸಿದ್ದು ಆಯ್ತಾ, ಬಟ್ಟೆ ಒಗೆದದ್ದು ಆಯ್ತಾ. ಊಟದ ಮಾತು ಅದರಲ್ಲಿ ಇರಲಿಲ್ಲ. ಅತ್ತೆ ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದವರು. ಒಂದೇ ಕೂಗಿಗೆ ಐವತ್ತು ಮಕ್ಕಳನ್ನು ಕೂರಿಸುತ್ತಿದ್ದ ದನಿ ರಿಟೈರ್ ಆದಮೇಲೆ ಒಬ್ಬಳ ಮೇಲೆಯೇ ಬಿತ್ತು. ಗಂಡನ ಕೆಲಸ ಬಸ್ ಡಿಪೋದಲ್ಲಿ, ಟೈಂಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು ಎಂದು ನಿಂತಲ್ಲೇ ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಎಷ್ಟು ಹೊತ್ತಿಗೆ ಉಂಡಳು, ಉಂಡಳೋ ಇಲ್ಲವೋ, ಅದು ಅವನ ಡ್ಯೂಟಿಗೆ ಬರುತ್ತಿರಲಿಲ್ಲ.

ಮಕ್ಕಳಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ಮೆಟ್ಟಿಲ ಕೆಳಗೆ ಒಂದು ಬೆಕ್ಕಿನ ಮರಿ ನಡುಗುತ್ತ ಕೂತಿತ್ತು. ಬೂದು ಬಣ್ಣದ, ಒಂದು ಕಿವಿ ಹರಿದ ಗಂಡುಮರಿ. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ತಂದು, ಸೊಸೆಯ ಮುಖ ನೋಡಿಕೊಂಡೇ, “ಅಂತೂ ಈ ಮನೆಗೂ ಒಂದು ಕಂದ ಬಂತು” ಎಂದರು. ಅದಕ್ಕೆ ಹೆಸರು ಅದೇ ಆಯಿತು, ಕಂದ. ಸೊಸೆ ಬೆಕ್ಕಿಗೆ ಇಟ್ಟ ಹೆಸರು ‘ದರಿದ್ರದ್ದು’. ಅದನ್ನೂ ತಪ್ಪು ಎನ್ನುವಂತಿಲ್ಲ.

ದಿನಾ ಮಧ್ಯಾಹ್ನ ಒಂದು ಗಂಟೆಗೆ ಗೋಡೆಯಾಚೆಯಿಂದ ಇನ್ನೊಂದು ದನಿ ಕೇಳತೊಡಗಿತು. ಟೀಚರ ದನಿಯ ಮೊನೆಯೆಲ್ಲ ಸವೆದು ಮೆತ್ತಗಾದ ದನಿ. “ಕಂದಾ... ಎಲ್ಲಿದ್ಯೋ ನನ್ನ ರಾಜಾ... ಉಂಡ್ಯಾ? ಹೊಟ್ಟೆ ಹಸೀತೇನೋ?” ಆ ‘ಉಂಡ್ಯಾ’ ಎಂಬುದನ್ನು ಎಳೆದು, ಕೊನೆಗೆ ಸ್ವಲ್ಪ ನಡುಗಿಸಿ ಹೇಳುತ್ತಿದ್ದರು. ಮೆಷಿನ್ನಿನ ಪೆಡಲಿನ ಮೇಲಿದ್ದ ಅವಳ ಕಾಲು ಆಗ ತಾನಾಗಿ ನಿಲ್ಲುತ್ತಿತ್ತು. ಆ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ಬೆಳಗಿನ ಒಂದು ಲೋಟ ಕಾಫಿ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಒಂದು ದಿನ ಇಸ್ತ್ರಿಯವಳು ಬಂದಾಗ ತಮಾಷೆಗೆ ಆ ದನಿ ತೆಗೆದು ತೋರಿಸಿದಳು. ಇಸ್ತ್ರಿಯವಳು ಬಾಗಿಲ ಕಡೆ ತಿರುಗಿ ನೋಡಿ, ಅತ್ತೆ ಅಲ್ಲ ಎಂದು ಗೊತ್ತಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ವಾರಕ್ಕೊಮ್ಮೆ ಆ ಆಟ ನಡೆಯುತ್ತಿತ್ತು. ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುವಾಗ ಅದರಲ್ಲಿ ನಗುವಿನ ನೀರೆಷ್ಟು ಎಂದು ಅವಳು ವಿಚಾರಿಸಲು ಹೋಗಲಿಲ್ಲ.

ಮೂರು ತಿಂಗಳ ಹಿಂದೆ ಅತ್ತೆ ತೀರಿಕೊಂಡರು. ಕೊನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಸೊಸೆಯ ಕೈ ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದರು. ಅವಳು ಬಗ್ಗಿ ಕಿವಿ ಕೊಟ್ಟಳು. ಸಾಯುವ ಹೊತ್ತಿನಲ್ಲಿ ಒಂದು ಒಳ್ಳೆಯ ಮಾತು ಆಡಿಯಾರು ಎಂದು ಆಸೆ ಇಟ್ಟುಕೊಂಡವಳನ್ನು ನೋಡಿ ಯಾರು ತಾನೇ ನಗಬಲ್ಲರು? “ಕಂದಂಗೆ ಹೊತ್ತಿಗೆ ಸರಿಯಾಗಿ ಹಾಕು” ಎಂದರು ಅತ್ತೆ. ಅಷ್ಟೇ.

ಅಂದಿನಿಂದ ಬೆಕ್ಕು ಅತ್ತೆಯ ಕೋಣೆಯ ಬೀರುವಿನ ಅಡಿ ಸೇರಿತು. ಕೋಣೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೊರಬಂದು ತಿಂದು ಮತ್ತೆ ಒಳಗೆ ನುಗ್ಗುತ್ತಿತ್ತು. ಇವಳು ಹೊತ್ತಿಗೆ ಸರಿಯಾಗಿ ಹಾಕಿದಳು, ಬೈದುಕೊಂಡೇ ಹಾಕಿದಳು. ವಾರವಾರ ನಾದಿನಿ ಫೋನು ಮಾಡಿ, “ಅತ್ತಿಗೆ, ಅಮ್ಮನ ಕಂದ ಹೇಗಿದೆ?” ಎಂದು ಕೇಳುತ್ತಿದ್ದಳು. ಅತ್ತಿಗೆ ಹೇಗಿದ್ದಾಳೆ ಎಂದು ಕೇಳಿದ ದಾಖಲೆ ಇಲ್ಲ.

ಹೀಗಿರುವಾಗ ಬೆಕ್ಕಿಗೆ ಮೂತ್ರ ಕಟ್ಟಿತು. ಬಾಗಿಲ ಸಂದಿಯಿಂದ ನೋಡಿದರೆ ಮರಳಿನ ಟ್ರೇಯಲ್ಲಿ ಕೂತು ತಿಣುಕುತ್ತಿತ್ತು, ಸಣ್ಣಗೆ ಅಳುತ್ತಿತ್ತು, ನಾಲ್ಕು ಹನಿ ಬಿದ್ದರೆ ಹೆಚ್ಚು. ಅವಳು ಪ್ರಾಣಿಗಳ ಡಾಕ್ಟರ ಕ್ಲಿನಿಕ್ಕಿಗೆ ಫೋನು ಹಚ್ಚಿದಳು. ಅಲ್ಲಿನ ಹುಡುಗಿ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿ, “ಕ್ಯಾರಿಯರ್‌ನಲ್ಲೇ ತಗೊಂಡ್ ಬನ್ನಿ ಮೇಡಂ, ಕೈಯಲ್ಲಿ ಹಿಡ್ಕೊಂಡ್ ಬರ್ಬೇಡಿ” ಎಂದಳು.

“ಕ್ಯಾರಿಯರ್ ಬೇಕಂತೆ” ಎಂದು ಗಂಡನಿಗೆ ಹೇಳಿದಳು. ಅವನು ಅಡಿಗೆಮನೆಯ ಮೇಲಿನ ಹಲಗೆಯಿಂದ ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್ ಇಳಿಸಿ, ಧೂಳು ಒರೆಸಿ ಕೊಟ್ಟ.

“ಇದರಲ್ಲಿ ತಲೆ ಒಂದು ಡಬ್ಬಿಗೆ, ಬಾಲ ಒಂದು ಡಬ್ಬಿಗೆ ಹಾಕ್ಲಾ?” ಎಂದಳು ಅವಳು. ಅತ್ತೆ ಸತ್ತ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದಿದ್ದರೆ ಅದೊಂದು ಸಲ. ಬೆಕ್ಕಿನ ಪೆಟ್ಟಿಗೆ ಕೊನೆಗೆ ಸಿಕ್ಕಿದ್ದು ಔಷಧಿ ಅಂಗಡಿಯವನ ಮನೆಯಲ್ಲಿ. ಪ್ಲಾಸ್ಟಿಕ್ಕಿನದು, ಪಕ್ಕಕ್ಕೂ ಹಿಂದಕ್ಕೂ ಗಾಳಿಗೆ ಸೀಳು, ಮುಂದೆ ಕಬ್ಬಿಣದ ಜಾಲರಿಯ ಬಾಗಿಲು.

ಕ್ಲಿನಿಕ್ಕಿನ ಹುಡುಗಿ ಇನ್ನೊಂದು ಮಾತು ಹೇಳಿದ್ದಳು. “ಅದು ಯಾರನ್ನ ನಂಬುತ್ತೋ ಅವರದೊಂದು ಹಳೇ ಬಟ್ಟೆ ಒಳಗೆ ಹಾಸಿ, ಪೆಟ್ಟಿಗೇನ ಇವತ್ತೇ ಅದರ ಕೋಣೇಲಿ ಬಾಗಿಲು ತೆಗೆದಿಡಿ. ತಾನೇ ಹೋಗಿ ಕೂತ್ಕೊಳ್ಳುತ್ತೆ.” ಅತ್ತೆ ಹೊದ್ದು ಹೊದ್ದು ಬಣ್ಣ ಕೆಟ್ಟ ಕಂದು ಸ್ವೆಟರು ಅವರ ಕೋಣೆಯ ಕುರ್ಚಿಯ ಬೆನ್ನಿಗೆ ನೇತಾಡುತ್ತಲೇ ಇತ್ತು. ಮೂರು ತಿಂಗಳಿಂದ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅವಳು ತೆಗೆದಳು. ಬರೀ ಹಾಸಿದರೆ ಮುದುಡಿಹೋಗುತ್ತದೆ, ಪೆಟ್ಟಿಗೆಯ ತಳಕ್ಕೆ ಸರಿಯಾಗಿ ಒಂದು ಮೆತ್ತೆ ಮಾಡಿಬಿಡೋಣ ಎಂದು ಟೇಪು ಹಿಡಿದು ಅಳತೆ ತೆಗೆದಳು. ಮೆಷಿನ್ನಿಗೆ ಕೊಡುವ ಮುಂಚೆ ಮೂಸಿ ನೋಡಿದಳು. ಮಂಡಿನೋವಿನ ಮುಲಾಮು, ತಲೆಗೆ ಹಚ್ಚಿದ ಎಣ್ಣೆ, ಹಳೆಯ ಬೆವರು. ಅವಳ ಕೈ ತಾನೇ ತಾನಾಗಿ ಅದನ್ನು ಬಕೆಟ್ಟಿಗೆ ಹಾಕಿತು. ಎರಡು ಸಲ ಸೋಪು ಹಾಕಿ ಉಜ್ಜಿದಳು. ಉಜ್ಜುವಾಗ ಕೈಗೆ ಬೇಕಿದ್ದಕ್ಕಿಂತ ಹೆಚ್ಚು ಬಲ ಬಂತು, ಒಳಗೊಳಗೆ ಖುಷಿಯೂ ಆಯಿತು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಹಿಂಡಿ, ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿ, ಕತ್ತರಿಸಿ, ಅಂಚು ಮಡಿಸಿ ಹೊಲಿದಳು. ಮೆತ್ತೆ ಪೆಟ್ಟಿಗೆಯ ತಳಕ್ಕೆ ಒಂದು ಎಳೆ ಆಚೀಚೆ ಇಲ್ಲದೆ ಕೂತಿತು.

ಬೆಳಿಗ್ಗೆ ನೋಡಿದರೆ ಬೆಕ್ಕು ಪೆಟ್ಟಿಗೆಯ ಹತ್ತಿರವೂ ಸುಳಿದಿರಲಿಲ್ಲ. ಟ್ರೇಯ ಮರಳು ಒಣಗಿತ್ತು, ಒಂದು ಹನಿಯೂ ಇಲ್ಲ. ಬೀರುವಿನ ಅಡಿಯಿಂದ ಅಳುವೂ ಕೇಳಿಸುತ್ತಿರಲಿಲ್ಲ, ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಗಂಡನಿಗೆ ಅಂದು ವಾರದ ರಜೆ. “ನಾನು ಹಿಡೀತೀನಿ ಬಿಡು” ಎಂದು ಡಿಪೋದ ದಪ್ಪ ಕೈಗವಸು ಹಾಕಿಕೊಂಡು ಮಲಗಿ ಕೈ ಚಾಚಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಕೆಂಪು ಗೆರೆ ಬಿದ್ದ ಮೇಲೆ ಎದ್ದು, “ಅಮ್ಮ ಇದ್ದಿದ್ರೆ...” ಎಂದು ಶುರುಮಾಡಿ ನಡುಮನೆಯ ಕುರ್ಚಿಯಲ್ಲಿ ಕೈಚೆಲ್ಲಿ ಕೂತ. ಇವಳು ಮೀನು ತೋರಿಸಿದಳು, ಪೊರಕೆ ಹಿಡಿಯಿಂದ ಮೆಲ್ಲಗೆ ತಳ್ಳಿದಳು, ಬೀರುವನ್ನು ಅಲುಗಿಸಿದಳು. ಬೆಕ್ಕು ಗೋಡೆಗೆ ಇನ್ನಷ್ಟು ಅಂಟಿಕೊಂಡಿತು. ಹನ್ನೊಂದೂವರೆ ಆಯಿತು. ಅವಳು ಮತ್ತೆ ಕ್ಲಿನಿಕ್ಕಿಗೆ ಫೋನು ಮಾಡಿ, ಒಂದು ಹನಿಯೂ ಬಂದಿಲ್ಲವೆಂದು ಹೇಳಿದಳು.

“ರಾತ್ರಿಯಿಂದ ಪೂರ್ತಿ ನಿಂತುಹೋಗಿದೆಯಾ?” ಹುಡುಗಿಯ ದನಿ ಬದಲಾಯಿತು. “ಹಾಗಿದ್ರೆ ತಡ ಮಾಡ್ಲೇಬೇಡಿ ಮೇಡಂ, ಗಂಡು ಬೆಕ್ಕು, ಜೀವಕ್ಕೇ ಅಪಾಯ. ಡಾಕ್ಟರ್ ಒಂದು ಗಂಟೆಗೆ ಹೊರಟುಬಿಡ್ತಾರೆ. ಬಟ್ಟೆ ಹಾಸಿದ್ರಾ?”

“ಹಾಸಿದೀನಮ್ಮ. ಚೆನ್ನಾಗಿ ಒಗೆದು, ಇಸ್ತ್ರಿ ಮಾಡಿ, ಮೆತ್ತೆ ಹೊಲಿದು ಹಾಸಿದೀನಿ.”

“ಒಗೆದ್ರಾ?” ಎಂದಳು ಹುಡುಗಿ. “ಅಯ್ಯೋ ಮೇಡಂ, ವಾಸನೆಗೋಸ್ಕರ ತಾನೇ ಹಾಸೋದು!”

ಫೋನಿನ ಮಾತು ಗಂಡನಿಗೂ ಕೇಳಿಸಿತ್ತು. ಅವನು ಕುರ್ಚಿಯಿಂದಲೇ ಹೇಳಿದ, “ಅಮ್ಮನ ವಾಸನೆ ಅಂತ ಮನೇಲಿ ಉಳಿದಿದ್ದು ಅದೊಂದೇ ಕಣೇ. ಅದನ್ನೂ ತೊಳೆದುಬಿಟ್ಟೆಯಲ್ಲ.” ಬೈದಿದ್ದರೆ ಅವಳು ತಿರುಗಿಸಿ ಎರಡು ಮಾತು ಅಂದಿರುತ್ತಿದ್ದಳು. ಅವನು ಬೈಯಲಿಲ್ಲ, ಹಾಗೆ ಸುಮ್ಮನೆ ಹೇಳಿದ.

ಬೆಕ್ಕು ಸತ್ತರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ‘ಅಮ್ಮ ಹೋಗಿ ಮೂರೇ ತಿಂಗಳು, ಅಮ್ಮನ ಕಂದನ್ನೂ ಮುಗಿಸಿಬಿಟ್ಲು’ ಎಂದು ನಾದಿನಿ ಉಪ್ಪು ಖಾರ ಹಚ್ಚಿ ಊರೆಲ್ಲ ಹೇಳುತ್ತಾಳೆ. ಗಂಡ ಬಾಯಿಬಿಟ್ಟು ಅನ್ನದೆ ಹೋದರೂ ಅದನ್ನೇ ನಂಬುತ್ತಾನೆ. ಇಪ್ಪತ್ತೆರಡು ವರ್ಷ ಹೊತ್ತು ಹೊತ್ತಿಗೆ ಬೇಯಿಸಿ ಹಾಕಿದ್ದು ಒಂದು ಬೆಕ್ಕಿನ ಮೂತ್ರದಲ್ಲಿ ಕೊಚ್ಚಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅಲ್ಲಿ ಬೀರುವಿನ ಅಡಿ ಒಂದು ಜೀವ ಸದ್ದಿಲ್ಲದೆ ಸಾಯುತ್ತಿತ್ತು. ಸದ್ದಿಲ್ಲದೆ ನೋವು ತಿನ್ನುವುದು ಏನೆಂದು ಆ ಮನೆಯಲ್ಲಿ ಅವಳಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ಅವಳು ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಪೆಟ್ಟಿಗೆಯನ್ನು ಕುರ್ಚಿಯ ಪಕ್ಕಕ್ಕೆ ಎಳೆದು, ಬಾಯಿಯನ್ನು ಬೀರುವಿನ ಕಡೆ ತಿರುಗಿಸಿ, ತಾನು ಅದರ ಹಿಂದೆ ನೆಲಕ್ಕೆ ಬಗ್ಗಿ ಕೂತಳು. ಗಾಳಿಯ ಸೀಳಿಗೆ ಬಾಯಿ ಹತ್ತಿರ ಹಿಡಿದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು. ಅತ್ತೆ ಸತ್ತ ಮೇಲೆ ಆ ದನಿಯನ್ನು ಅವಳು ತೆಗೆದಿರಲಿಲ್ಲ. ಸತ್ತವರನ್ನು ಅಣಕಿಸಬಾರದು ಎಂದು ಇಸ್ತ್ರಿಯವಳಿಗೂ ಹೇಳಿಬಿಟ್ಟಿದ್ದಳು.

“ಕಂದಾ...” ಎಂದಳು. “ಎಲ್ಲಿದ್ಯೋ ನನ್ನ ರಾಜಾ...”

ಬೀರುವಿನ ಅಡಿ ಏನೋ ಸರಿದಾಡಿತು.

“ಉಂಡ್ಯಾ? ಹೊಟ್ಟೆ ಹಸೀತೇನೋ? ಬಾ, ಬಾ, ಅಮ್ಮ ಇದೀನಿ ಬಾ.”

ಈ ಮಾತು ಗೋಡೆಯಾಚೆಯಿಂದ ಅಲ್ಲದೆ ಇಷ್ಟು ಹತ್ತಿರದಿಂದ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಹೇಳಿದವಳು ತಾನೇ ಆದರೇನು, ಕೇಳಿದವಳೂ ತಾನೇ ಅಲ್ಲವೇ? ದನಿ ನಡುಗಿತು. ಅತ್ತೆಯ ದನಿಯೂ ಅಲ್ಲೇ ನಡುಗುತ್ತಿದ್ದದ್ದರಿಂದ ಮೋಸ ಇನ್ನಷ್ಟು ಚೆನ್ನಾಗಿ ಕೂತಿತು.

ಬೆಕ್ಕು ಹೊರಗೆ ಬಂತು. ಹಿಂಗಾಲು ಎಳೆಯುತ್ತ, ಹರಿದ ಕಿವಿ ನಿಮಿರಿಸಿಕೊಂಡು, ಕುರ್ಚಿಯ ಮೇಲೆ ನೋಡಿತು, ಕುರ್ಚಿಯ ಹಿಂದೆ ನೋಡಿತು. ದನಿ ಪೆಟ್ಟಿಗೆಯೊಳಗಿಂದ ಬರುತ್ತಿದೆ ಎಂದು ಅದಕ್ಕೆ ಅನ್ನಿಸಿರಬೇಕು. ಮೂರು ತಿಂಗಳಿಂದ ಎಲ್ಲಿ ಹೋಗಿದ್ದೆ ಎಂದು ಕೇಳುವ ಹಾಗೆ ಸಣ್ಣಗೆ ಮಿಯಾಂವ್ ಎಂದು, ತಲೆ ಬಗ್ಗಿಸಿ ಒಳಗೆ ಹೋಯಿತು. ಒಳಗೆ ಹೋಗಿ ಮೂಲೆ ಮೂಲೆ ಮೂಸಿತು. ಅವಳು ಕೈ ಚಾಚಿ ಜಾಲರಿಯ ಬಾಗಿಲು ಮುಚ್ಚಿದಳು. ಟಕ್ ಎಂದು ಚಿಲಕ ಬಿದ್ದದ್ದೇ ಬೆಕ್ಕು ತಿರುಗಿ, ಅವಳ ಮುಖವನ್ನು ನೋಡಿತು.

ಅದೇ ಹೊತ್ತಿಗೆ ಅವಳ ಬೆನ್ನ ಹಿಂದೆ ಕೋಣೆಯ ಬಾಗಿಲು ತೆರೆಯಿತು. “ಬಂದೆ ಅಮ್ಮಾ” ಎಂದುಕೊಂಡು ಗಂಡ ಒಳಗೆ ಬಂದಿದ್ದ. ನಿದ್ದೆ ಹತ್ತಿತ್ತೋ ಏನೋ, ಕುರ್ಚಿಯಿಂದ ಎದ್ದು ಹಾಗೇ ಬಂದಿದ್ದ. ಅವನ ಮುಖ ಆಗ ಹೇಗಿತ್ತೆಂದರೆ, ಮದುವೆಯಾದ ದಿನವೂ ಅವಳು ಆ ಮುಖ ನೋಡಿರಲಿಲ್ಲ. ಐವತ್ತು ದಾಟಿದ ಗಂಡಸು ಏಳು ವರ್ಷದ ಹುಡುಗನಾಗಿ ನಿಂತಿದ್ದ. ನೆಲದ ಮೇಲೆ ಕೂತಿದ್ದವಳು ಹೆಂಡತಿ ಎಂದು ಗುರುತು ಹತ್ತಿದ್ದೇ ಆ ಮುಖ ಕಳಚಿಬಿತ್ತು. ಅದರ ಜಾಗದಲ್ಲಿ ದಿನನಿತ್ಯದ್ದು ಬಂತು.

“ನೀನಾ” ಎಂದ.

“ನಾನೇ” ಎಂದಳು ಅವಳು. “ಆಟೋ ಕರೀರಿ.”

ಕ್ಲಿನಿಕ್ಕು ತಲುಪಿದಾಗ ಒಂದಕ್ಕೆ ಹತ್ತು ನಿಮಿಷ. ಕೌಂಟರಿನ ಹುಡುಗಿ ಹೆಸರು ಕೇಳಿದಳು. “ಕಂದ” ಎಂದಾಗ ಬರೆಯುವ ಕೈ ನಿಲ್ಲಿಸಿ, “ಓಹ್, ತುಂಬಾ ಮುದ್ದು ಮಾಡಿ ಸಾಕಿದೀರ ಅಲ್ವಾ ಮೇಡಂ!” ಎಂದಳು. ಡಾಕ್ಟರು ಹೊರಡುವುದನ್ನು ಬಿಟ್ಟು ನಿಂತರು. ಸೂಜಿ ಕೊಟ್ಟು ಮಲಗಿಸಿ, ಸಣ್ಣ ಕೊಳವೆ ಹಾಕಿ ಕಟ್ಟಿದ್ದನ್ನು ತೆಗೆದರು. “ಸಂಜೆಗೆ ತಂದಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ” ಎಂದು ಕೈ ತೊಳೆಯುತ್ತ ಹೇಳಿದರು. ಐದಾರು ದಿನ ತಾವೇ ಇಟ್ಟುಕೊಂಡು ನೋಡುವುದಾಗಿ ಹೇಳಿ, ಆರನೆಯ ದಿನ ಮನೆಗೆ ಕಳಿಸಿದರು. ಮಾತ್ರೆ ಬರೆದುಕೊಟ್ಟು, ಹತ್ತು ದಿನ ಬಿಟ್ಟು ಮತ್ತೆ ಕರೆತರಲು ಹೇಳಿದರು.

ಮನೆಗೆ ತಂದ ದಿನ ಪೆಟ್ಟಿಗೆ ತೆರೆದದ್ದೇ ತಡ, ಬೆಕ್ಕು ಬೀರುವಿನ ಅಡಿ ಸೇರಿತು. ನಾದಿನಿಯ ಫೋನು ಬಂತು. ಗಂಡ ಎದ್ದು ಓಡಾಡುತ್ತ ಮಾತಾಡಿದ. “ಅಮ್ಮನೇ ಕಾಪಾಡಿದ್ಲು ಅನ್ನು. ಅಮ್ಮನ ದನಿ ಕೇಳಿ ಬಂತು ನೋಡು, ತಾನಾಗೇ ಬಂತು.” ಆ ದನಿ ಯಾರ ಗಂಟಲಿನಿಂದ ಬಂತು ಎಂಬುದು ಫೋನಿನಲ್ಲಿ ದಾಟಲಿಲ್ಲ. ಅವಳು ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಮಾತ್ರೆಯನ್ನು ಪುಡಿಮಾಡಿ ಮೀನಿಗೆ ಕಲಸಿ ಬೀರುವಿನ ಹತ್ತಿರ ಇಟ್ಟು ಬಂದಳು. ಬೆಳಿಗ್ಗೆಯಿಂದ ಕ್ಲಿನಿಕ್ಕು, ಆಟೋ, ಔಷಧಿ ಅಂಗಡಿ ಎಂದು ಸುತ್ತಿ ಮೂರು ಗಂಟೆಯಾಗಿತ್ತು. ಅವಳು ಒಂದು ತುತ್ತು ತಿಂದಿರಲಿಲ್ಲ. ಗಂಡನಿಗೆ ಬಡಿಸಿದ್ದಳು, ಅವನದು ಮುಗಿದಿತ್ತು.

ಅವನು ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ. “ಆಯ್ತಾ?” ಎಂದ.

ಬುದ್ಧಿ ಬೇಡ ಬೇಡ ಎನ್ನುತ್ತಿದ್ದರೂ ಬಾಯಿ ಕೇಳಲಿಲ್ಲ. “ಇನ್ನೂ ಇಲ್ಲ ರೀ” ಎಂದಳು, “ಈಗ ತಟ್ಟೆ ಹಾಕ್ಕೊಳ್ತೀನಿ.”

“ಅಲ್ಲ, ಮಾತ್ರೆ. ಬೆಕ್ಕಿಗೆ ಮಾತ್ರೆ ಕೊಟ್ಟಿದ್ದು ಆಯ್ತಾ ಅಂದೆ.”

“ಆಯ್ತು” ಎಂದಳು.

ಅವನು ಹೋಗಲಿಲ್ಲ. ಬಾಗಿಲಿನ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತ ನಿಂತ. “ಹತ್ತು ದಿನಕ್ಕೆ ಮತ್ತೆ ಹೋಗ್ಬೇಕಲ್ಲ” ಎಂದ. “ಆಗಲೂ ಹಾಗೇ ಕರಿ. ಅಮ್ಮನ ಹಾಗೆ.” ಸ್ವಲ್ಪ ತಡೆದು, “ನಾನು ಮನೇಲಿದ್ದಾಗಲೇ ಕರಿ” ಎಂದು ಸೇರಿಸಿದ.

“ಇನ್ನು ಆ ದನಿಗೆ ಅದು ಬರಲ್ಲ.”

“ಯಾಕೆ ಬರಲ್ಲ? ಒಂಬತ್ತು ವರ್ಷ ಬಂದಿದೆ.”

“ಪ್ರೀತಿಯಿಂದ ಕರೀತಿದಾರೆ ಅಂದ್ಕೊಂಡು ಬಂತು. ಒಳಗೆ ಏನೂ ಇರ್ಲಿಲ್ಲ, ಬಾಗಿಲು ಹಾಕ್ಕೊಂಡ್ತು” ಎಂದಳು ಅವಳು. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೆರೆದು ತಟ್ಟೆಗೆ ಹಾಕಿಕೊಂಡಳು. “ಅದು ಬೆಕ್ಕು ರೀ. ಅರ್ಥ ಮಾಡ್ಕೊಳ್ಳೋಕೆ ಅದಕ್ಕೆ ಇಪ್ಪತ್ತೆರಡು ವರ್ಷ ಬೇಕಾಗಲ್ಲ.”

ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬೆಕ್ಕು ತಿಂದಿತಾ ನೋಡಿ ಬರುತ್ತೇನೆ ಎಂದು ಅತ್ತೆಯ ಕೋಣೆಯ ಕಡೆ ಹೋದ. ಅವಳು ತಟ್ಟೆ ಎತ್ತಿಕೊಂಡು ಮೆಷಿನ್ನಿನ ಪಕ್ಕ ಹೋಗಿ ಕೂತು, ಕಿಟಕಿಯ ಕಡೆ ಮುಖ ಮಾಡಿ ಉಂಡಳು.